ಐದು ಗುಂಡಿನ ಕಾಗದ, ಅರವತ್ತು ಗುಂಡಿನ ಲೆಕ್ಕ

ಏರ್ ಪಿಸ್ತೂಲ್ ತರಬೇತಿಗೆ ಬರುವ ಹೊಸಬರಲ್ಲಿ ಕೆಲವರು ಮೊದಲ ದಿನವೇ ಮಡಚಿಟ್ಟ ಟಾರ್ಗೆಟ್ ಕಾಗದವೊಂದನ್ನು ಜೇಬಿನಿಂದ ತೆಗೆದು ತೋರಿಸುತ್ತಾರೆ. ನಡುವಿನ ಹತ್ತು ಅಂಕದ ವೃತ್ತದಲ್ಲಿ ಐದು ತೂತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನು ಸುಳ್ಳೆಂದು ನಾನು ಹೇಳುವುದಿಲ್ಲ. ಆ ದಿನ ಒಟ್ಟು ಎಷ್ಟು ಕಾಗದಗಳಿಗೆ ಗುಂಡು ಹೊಡೆದಿರೆಂದು ಮಾತ್ರ ಕೇಳುತ್ತೇನೆ. ಅರವತ್ತು ಗುಂಡುಗಳನ್ನು ಐದೈದರಂತೆ ಹನ್ನೆರಡು ಕಾಗದಗಳಿಗೆ ಹೊಡೆದು, ಚೆಂದದ ಒಂದನ್ನು ಆರಿಸಿ ತಂದವರ ಕೈಚಳಕ ತಿಳಿಯಬೇಕಾದರೆ ಉಳಿದ ಹನ್ನೊಂದನ್ನೂ ನೋಡಬೇಕಾಗುತ್ತದೆ.

ಹತ್ತು ಮೀಟರ್ ಸ್ಪರ್ಧೆಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ಟಿನದು, ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡಿನದು, 4.5 ಮಿ.ಮೀ. ಪೆಲೆಟ್ಟು ಗೆರೆಯನ್ನು ಹೊರಗಿನಿಂದ ಸೋಕಿದರೂ ಅಂಕ ದೊರೆಯುವುದರಿಂದ, ತೂತಿನ ನಡುಬಿಂದು ಟಾರ್ಗೆಟ್ಟಿನ ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಹತ್ತು ಸಿಗುತ್ತದೆ. ಈಗ ಗುರಿ ಹಿಡಿಯಲು ನಳಿಗೆಯ ಮೇಲೆ ನೋಡುವ ಗುರುತುಗಳಾದ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 30 ಸೆಂ.ಮೀ. ಅಂತರವಿರುವ ಪಿಸ್ತೂಲನ್ನು ಊಹಿಸಿಕೊಳ್ಳಿ. ಅವೆರಡರ ಹೊಂದಾಣಿಕೆಯಲ್ಲಿ ಮುಂದಿನ ಸೈಟು ಕೇವಲ 1 ಮಿ.ಮೀ. ಪಕ್ಕಕ್ಕೆ ಸರಿದಿದ್ದರೂ ಗುಂಡು ಸುಮಾರು 33 ಮಿ.ಮೀ. ಆಚೆ ತಾಗಿ ಆರು ಅಂಕಕ್ಕೆ ಇಳಿಯುತ್ತದೆ. ಸೈಟುಗಳ ಹೊಂದಾಣಿಕೆ ಕೆಡದೆ ಇಡೀ ಪಿಸ್ತೂಲೇ ಪಕ್ಕಕ್ಕೆ 1 ಮಿ.ಮೀ. ತೇಲಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಕೈ ಅಲುಗುತ್ತದೆಂದು ಕೊರಗುವವರು ಟ್ರಿಗರ್ ಎಳೆಯುವ ಕ್ಷಣದಲ್ಲಿ ಮಣಿಕಟ್ಟು ತಿರುಗುವುದನ್ನು ಮೊದಲು ಗಮನಿಸಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಇಂಥ ಸೂಕ್ಷ್ಮ ತಪ್ಪು ಐದು ಗುಂಡುಗಳಲ್ಲಿ ಅದೃಷ್ಟದಿಂದ ಮರೆಯಾಗಬಹುದು, ಅರವತ್ತರಲ್ಲಿ ಆಗದು. ಸ್ಪರ್ಧೆಯಲ್ಲಿ ಅರವತ್ತು ಗುಂಡುಗಳಿಗೆ 75 ನಿಮಿಷ. ಒಂದೇ ಕೈ, ತೋಳಿಗೆ ಯಾವ ಆಸರೆಯೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಮನು ಭಾಕರ್ ಅರ್ಹತಾ ಸುತ್ತಿನಲ್ಲಿ ಗಳಿಸಿದ್ದು 600ಕ್ಕೆ 580. ಅಂಥವರೇ ಇಪ್ಪತ್ತು ಅಂಕ ಬಿಟ್ಟುಕೊಟ್ಟಿರುವಾಗ, ತಾವು ಹೊಡೆದದ್ದೆಲ್ಲ ಹತ್ತೇ ಎನ್ನುವವರ ಮಾತಿಗೆ ನನಗೆ ನಗು ಬರುತ್ತದೆ.

ಹಾಗಾಗಿ ಪುರಾವೆ ಕೊಡಬಯಸುವವರು ಎಷ್ಟು ಗುಂಡು ಹೊಡೆಯುತ್ತೇನೆಂಬುದನ್ನು ಮೊದಲೇ ಹೇಳಿ, ಹೊಸ ಕಾಗದಕ್ಕೆ ದಿನಾಂಕದೊಡನೆ ಇನ್ನೊಬ್ಬರ ಸಹಿ ಹಾಕಿಸಿ, ದೂರವನ್ನು ಅಳೆದು ನಿಲ್ಲಬೇಕು. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಗುಂಡುಗಳ ಕ್ರಮವೂ ಸಮಯವೂ ದಾಖಲಾಗುತ್ತವೆ, ಜಗಳಕ್ಕೆ ಎಡೆಯಿರುವುದಿಲ್ಲ. ಅಭ್ಯಾಸದ ಗುಂಡುಗಳು ಮುಗಿದ ಮೇಲೆ ದಾರಿ ತಪ್ಪಿದ ಒಂದನ್ನು "ಅದು ಕೈಜಾರಿ ಹೋಯಿತು ಸರ್, ಬಿಟ್ಟುಬಿಡಿ" ಎಂದು ಕೈಬಿಡುವ ಚಾಳಿಯೊಂದಿದೆ. ಕೈಜಾರಿದ್ದನ್ನು ಎಣಿಸುವುದಕ್ಕೇ ಪರೀಕ್ಷೆ ಇರುವುದು. ಮೇಜಿಗೆ ಕೈಯೂರಿ ಹೊಡೆದ ಕಾಗದವನ್ನೂ ನಾನು ಬೇರೆ ಕಡತದಲ್ಲಿ ಇಡುತ್ತೇನೆ. ಅದರಿಂದ ಪಿಸ್ತೂಲು ಮತ್ತು ಪೆಲೆಟ್ಟುಗಳ ಹೊಂದಾಣಿಕೆ ತಿಳಿಯುತ್ತದೆಯೇ ಹೊರತು ಹೊಡೆದವರ ಕೌಶಲ ತಿಳಿಯುವುದಿಲ್ಲ.