ಸುಂಕವೇ ಇಲ್ಲದ ಮಾರುಕಟ್ಟೆಗೆ ಕೋಲಾರದ ಮಾವು ಯಾಕೆ ಹೋಗುತ್ತಿಲ್ಲ?

2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿ ಮಾವಿಗೆ ಗಡಿ ಮುಚ್ಚಿತು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ಮುಖ್ಯಮಂತ್ರಿ ಪಕ್ಕದ ರಾಜ್ಯಕ್ಕೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ರಾಜ್ಯದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ತೋತಾಪುರಿ ಕೊಳ್ಳುವ ಗಡಿಯಾಚೆಯ ಪಲ್ಪ್ (ಮಾವಿನ ತಿರುಳು) ಫ್ಯಾಕ್ಟರಿಗಳು ಬಾಗಿಲು ಹಾಕಿದರೆ ನಮ್ಮ ರೈತರು ಎಷ್ಟು ಕಷ್ಟಕ್ಕೆ ಬೀಳುತ್ತಾರೆ ಅನ್ನುವುದು ಆ ತಿಂಗಳು ಎಲ್ಲರ ಕಣ್ಣಿಗೂ ಬಿತ್ತು.

ಯುರೋಪಿನಲ್ಲಿ ನೋಡಿದರೆ ಮಾವು ತಿನ್ನುವವರು ಜಾಸ್ತಿಯಾಗುತ್ತಲೇ ಇದ್ದಾರೆ. ಅಲ್ಲಿ ತಾಜಾ ಮಾವಿಗೆ ಆಮದು ಸುಂಕವೂ ಇಲ್ಲ. ಭಾರತ ವರ್ಷಕ್ಕೆ 200 ಲಕ್ಷ ಟನ್‌ಗಿಂತ ಜಾಸ್ತಿ ಮಾವು ಬೆಳೆಯುತ್ತದೆ, ಜಗತ್ತಿನಲ್ಲೇ ಮೊದಲ ಸ್ಥಾನ. ಆದರೂ ಯುರೋಪಿನ ಅಂಗಡಿಗಳಲ್ಲಿರುವುದು ಬ್ರೆಜಿಲ್, ಪೆರು, ಐವರಿ ಕೋಸ್ಟ್, ಸೆನೆಗಲ್, ಸ್ಪೇನ್‌ಗಳ ಹಣ್ಣು. ಇದು ಹೇಗಾಯಿತು?

ಸ್ವಲ್ಪ ಹಿಂದಕ್ಕೆ ಹೋಗಬೇಕು. 1889ರಲ್ಲಿ ಭಾರತದಿಂದ ಅಮೆರಿಕದ ಫ್ಲೋರಿಡಾಕ್ಕೆ ಮಲಗೋವ ಹೆಸರಿನ ಮಾವಿನ ಗಿಡಗಳು ಹೋದವು. ಅದರ ಓಟೆಯನ್ನು 1902ರಲ್ಲಿ ಹೇಡನ್ ಎಂಬ ನಿವೃತ್ತ ಕ್ಯಾಪ್ಟನ್ ನೆಟ್ಟರು. 1910ರಲ್ಲಿ ಆ ಮರ ಹಣ್ಣು ಬಿಟ್ಟಿತು. ಅದೇ ಹೇಡನ್ ತಳಿ. ಇವತ್ತು ಯುರೋಪಿಗೆ ಹಡಗುಗಟ್ಟಲೆ ಹೋಗುವ ಟಾಮಿ ಅಟ್ಕಿನ್ಸ್ ಈ ಹೇಡನ್‌ನ ಸಂತತಿ. ಅದರ ಬಣ್ಣ ಕೆಂಪು, ಸಿಪ್ಪೆ ದಪ್ಪ, ಒಳಗೆ ನಾರು. ರುಚಿಯಲ್ಲಿ ನಮ್ಮ ಬಾದಾಮಿಯ ಹತ್ತಿರಕ್ಕೂ ಬರುವುದಿಲ್ಲ, ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆದರೆ ಅದು ಎರಡು ಮೂರು ವಾರ ತಂಪು ಕಂಟೇನರ್‌ನಲ್ಲಿ ಕೂತರೂ ಕೆಡುವುದಿಲ್ಲ.

ಬ್ರೆಜಿಲ್‌ನವರು ಅದನ್ನು ಬೆಳೆಸಿದ ಜಾಗ ಕೇಳಿದರೆ ನಮಗೆ ಆಶ್ಚರ್ಯವಾಗುತ್ತದೆ. ಪೆಟ್ರೊಲಿನಾ ಸುತ್ತಮುತ್ತಲಿನ ಆ ನೆಲ ಕೋಲಾರಕ್ಕಿಂತ ಕಡಿಮೆ ಮಳೆ ಬೀಳುವ ಬರಡು ಸೀಮೆ. ಅವರಿಗಿದ್ದ ಅನುಕೂಲ ಸಾವೊ ಫ್ರಾನ್ಸಿಸ್ಕೊ ನದಿಯ ನೀರು. ಆ ನೀರಾವರಿ ನಂಬಿಕೊಂಡು ಹಡಗಿನ ಲೆಕ್ಕಕ್ಕೆ ಸರಿಯಾಗಿ ಮರ ಹೂ ಬಿಡುವಂತೆ ಮಾಡುವುದನ್ನು ಕಲಿತರು. ಪೆರುವಿನ ಪಿಯುರಾ ಭಾಗದವರು ಕೆಂಟ್ ತಳಿ ಹಿಡಿದರು. ಹಣ್ಣಿನ ದೊಡ್ಡ ಪಾಲು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ ಇಳಿಯುತ್ತದೆ. ಅಲ್ಲಿನ ವ್ಯಾಪಾರಿಗಳು ಅದನ್ನು ಹದವಾಗಿ ಮಾಗಿಸಿ, ಇವತ್ತೇ ತಿನ್ನಬಹುದು ಎಂದು ಚೀಟಿ ಅಂಟಿಸಿ ಸೂಪರ್ ಮಾರ್ಕೆಟ್‌ಗೆ ಕೊಡತೊಡಗಿದರು. ಒಂದು ಕಾಲಕ್ಕೆ ವಲಸೆ ಬಂದವರ ಅಂಗಡಿಯಲ್ಲಷ್ಟೇ ಸಿಗುತ್ತಿದ್ದ ಹಣ್ಣು ಹೀಗೆ ಎಲ್ಲರ ಬುಟ್ಟಿಗೂ ಬಂತು.

ನಮ್ಮ ಹಣ್ಣು ಹೋಗುತ್ತಿದ್ದುದು ಮುಖ್ಯವಾಗಿ ವಿಮಾನದಲ್ಲಿ, ಅದೂ ಬ್ರಿಟನ್ನಿನ ಭಾರತೀಯರಿಗಾಗಿ. 2014ರಲ್ಲಿ ಅದಕ್ಕೂ ಕುತ್ತು ಬಂತು. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಯ 207 ಸರಕುಗಳಲ್ಲಿ ಹುಳ ಸಿಕ್ಕಿತ್ತು. ಹಾಗಾಗಿ 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವು ಮತ್ತು ಬದನೆ, ಹಾಗಲ, ಪಡವಲ, ಕೆಸುವನ್ನು ನಿಷೇಧಿಸಿತು. ಬ್ರಿಟನ್ ಆಗ ಒಕ್ಕೂಟದಲ್ಲೇ ಇತ್ತು. ಅಲ್ಲಿನ ಲೆಸ್ಟರ್ ನಗರದ ಅಂಗಡಿಯವರು ಪ್ರತಿಭಟಿಸಿದರು, ಬ್ರಿಟನ್ನಿನ ಪಾರ್ಲಿಮೆಂಟಿನಲ್ಲೂ ಮಾತಾಯಿತು. 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧ ತೆಗೆಯಲು ಒಪ್ಪಿಗೆ ಸಿಕ್ಕಿತು. ಆದರೆ ಹಳೆಯ ಸಲೀಸು ಮತ್ತೆ ಬರಲಿಲ್ಲ. 2019ರಿಂದ ನಿಯಮ ಇನ್ನೂ ಬಿಗಿಯಾಯಿತು. ಈಗ ಅನಾನಸ್, ಬಾಳೆ, ತೆಂಗು, ಡೂರಿಯನ್, ಖರ್ಜೂರ ಈ ಐದನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಇಷ್ಟೆಲ್ಲ ಒಂದು ನೊಣದಿಂದ. ನಮ್ಮ ಕಡೆ ಊಜಿ ಅನ್ನುತ್ತಾರಲ್ಲ, ಅದೇ ಹಣ್ಣು ನೊಣ. ಬಲಿಯುತ್ತಿರುವ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಗುರುತು, ಅದೂ ಎಷ್ಟೋ ಸಲ ಕಾಣುವುದಿಲ್ಲ. ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಹುಳ ತೆವಳುತ್ತಿರುತ್ತದೆ. ಕೊಯ್ದ ಮೇಲೆ 48 ಡಿಗ್ರಿ ಬಿಸಿ ನೀರಿನಲ್ಲಿ 60 ನಿಮಿಷ ಅದ್ದಿದರೆ ಮೊಟ್ಟೆ ಮರಿ ಸಾಯುತ್ತವೆ. ಅಮೆರಿಕಕ್ಕಾದರೆ ವಿಕಿರಣ ಹಾಯಿಸಿ ಕಳಿಸುತ್ತಾರೆ, ಆ ಸೌಲಭ್ಯ ನಮ್ಮ ಮಾಲೂರಿನಲ್ಲೇ ಇದೆ. ಆದರೆ ಯುರೋಪಿಗೆ ಹೋಗುವ ಮಾವಿಗೆ ಸಾಮಾನ್ಯವಾಗಿ ಬಿಸಿ ನೀರಿನ ದಾರಿ.

ಬಿಸಿ ನೀರೊಂದೇ ಸಾಲದು. ಹುಳ ತುಂಬಿದ ಹಣ್ಣನ್ನು ಎಷ್ಟು ಅದ್ದಿದರೂ ಅದು ಒಳ್ಳೆಯ ಹಣ್ಣಾಗುವುದಿಲ್ಲ. ಕೆಲಸ ತೋಟದಲ್ಲೇ ಶುರುವಾಗಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾಡಿರುವ ಮೋಹಕ ಬಲೆ ದುಬಾರಿಯಲ್ಲ. ಅದು ಗಂಡು ನೊಣಗಳನ್ನು ಸೆಳೆದು ಕೊಲ್ಲುತ್ತದೆ. ಕಾಯಿ ಬಲಿಯುವ ಮೊದಲೇ ಕಟ್ಟಬೇಕು. ಉದುರಿದ ಹಣ್ಣನ್ನು ಆರಿಸಿ ಹೂಳಬೇಕು. ಪಕ್ಕದ ತೋಟದವರೂ ಮಾಡಬೇಕು, ಇಲ್ಲದಿದ್ದರೆ ನೊಣ ಬೇಲಿ ದಾಟಿ ಬರುತ್ತದೆ.

ಇದನ್ನೆಲ್ಲ ಮಾಡುವವರು ಯಾರು? ನನ್ನ ಪ್ರಕಾರ ನಮ್ಮ ತೊಡಕಿನ ಬೇರು ಇಲ್ಲೇ ಇದೆ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆ ಎಷ್ಟೋ ರೈತರು ಹೂವು ಕಾಣುವ ಹೊತ್ತಿಗೇ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ಅವರನ್ನು ತಪ್ಪು ಅನ್ನಲಾಗದು. ಬೋರ್‌ವೆಲ್ ಸಾಲ, ಮಕ್ಕಳ ಫೀಸು, ಆಲಿಕಲ್ಲು ಮಳೆಯ ಭಯ, ಇವೆಲ್ಲದರ ನಡುವೆ ಮುಂಗಡ ಹಣ ಕೈಗೆ ಸಿಕ್ಕರೆ ಸಾಕು ಅನ್ನಿಸುತ್ತದೆ ಅಲ್ವಾ? ಆಮೇಲೆ ಔಷಧಿ ಹೊಡೆಯುವವನು, ಕಾಯುವವನು, ಕೀಳಿಸುವವನು ಗುತ್ತಿಗೆದಾರ. ಅವನಿಗೆ ಈ ವರ್ಷದ ಫಸಲು ಮುಖ್ಯ. ಯಾವ ದಿನ ಯಾವ ಔಷಧಿ ಹೊಡೆದ ಎಂದು ಬರೆದಿಡುವುದರಿಂದ ಅವನಿಗೆ ಏನೂ ಲಾಭವಿಲ್ಲ. ಯುರೋಪಿನವರು ಕೇಳುವುದು ಅದನ್ನೇ. ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೇಡಾ ನಡೆಸುವ ಮ್ಯಾಂಗೋನೆಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತೋಟ ನೋಂದಣಿಯಾಗಿರಬೇಕು, ಹಣ್ಣು ಯಾವ ತೋಟದ್ದು ಎಂದು ಗೊತ್ತಿರಬೇಕು. ಮಂಡಿಯಲ್ಲಿ ಹತ್ತು ತೋಟದ ಹಣ್ಣು ಒಂದೇ ರಾಶಿಗೆ ಬಿದ್ದ ಮೇಲೆ ಆ ಗುರುತು ಎಲ್ಲಿಂದ ಬರಬೇಕು?

ತೋತಾಪುರಿಯ ಕಥೆ ಬೇರೆ. ಪಲ್ಪ್ ಮಾಡುವಾಗ ಕಾಯಿಸುವುದರಿಂದ ಹುಳದ ತಕರಾರಿಲ್ಲ. ಚಿತ್ತೂರು, ಕೃಷ್ಣಗಿರಿಗಳ ಪಲ್ಪ್ ಯುರೋಪಿಗೂ ಹೋಗುತ್ತದೆ. ಕೋಲಾರದ ಕಾಯಿಯೂ ಆ ಫ್ಯಾಕ್ಟರಿಗಳಿಗೇ ಹೋಗುತ್ತಿತ್ತು. ಲಾಭದ ದೊಡ್ಡ ಪಾಲು ಮಾತ್ರ ಗಡಿಯಾಚೆಯೇ ಉಳಿಯುತ್ತದೆ. ನಮ್ಮಲ್ಲೇ ಇನ್ನಷ್ಟು ಪಲ್ಪ್ ಘಟಕಗಳು ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು.

ತಾಜಾ ಹಣ್ಣಿನ ವಿಷಯದಲ್ಲಿ ಋತುವಿನ ಲೆಕ್ಕವೂ ಇದೆ. ನಮ್ಮದು ಮೇ, ಜೂನ್, ಜುಲೈನಲ್ಲಿ ಬರುತ್ತದೆ. ಪೆರುವಿನ ಹಣ್ಣು ಆಗ ಮುಗಿದಿರುತ್ತದೆ, ಸ್ಪೇನಿನದ್ದು ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಎದುರಿಗಿರುವುದು ಮುಖ್ಯವಾಗಿ ಪಶ್ಚಿಮ ಆಫ್ರಿಕಾ. ಅವರಿಗೂ ಇದೇ ನೊಣದ ಕಾಟ. ಏಷ್ಯಾದಿಂದ ಹೋದ ಆ ನೊಣ 2003ರಲ್ಲಿ ಕೀನ್ಯಾದಲ್ಲಿ ಕಂಡಿತು, ಮರುವರ್ಷವೇ ಸೆನೆಗಲ್ ತಲುಪಿತ್ತು. ಅಲ್ಲಿಯ ಸರಕೂ ಎಷ್ಟೋ ಸಲ ವಾಪಸಾಗಿದೆ. ಹಾಗಂತ ಅವರು ಆ ಮಾರುಕಟ್ಟೆ ಬಿಡಲಿಲ್ಲ.

ಸುಮ್ನೆ ಜಿಲ್ಲೆ ಪೂರ್ತಿ ಬದಲಾಗಲಿ ಎಂದು ಕಾಯುವುದು ಬೇಡ. ಬಾದಾಮಿ, ಮಲ್ಲಿಕಾ ಇರುವ ಅಕ್ಕಪಕ್ಕದ ತೋಟದವರು ರೈತ ಉತ್ಪಾದಕರ ಕಂಪನಿಯ ಮೂಲಕ ಒಟ್ಟಿಗೆ ನೋಂದಣಿ ಮಾಡಿಸಲಿ. ಗುತ್ತಿಗೆಗೆ ಕೊಡಲೇಬೇಕಾದರೆ ಕರಾರಿನಲ್ಲೇ ಬಲೆ ಕಟ್ಟುವುದು, ಔಷಧಿಯ ಲೆಕ್ಕ ಬರೆಯುವುದು ಯಾರ ಹೊಣೆ ಎಂದು ಸೇರಿಸಲಿ. ಮಾವು ಅಭಿವೃದ್ಧಿ ನಿಗಮ ಆ ಕರಾರಿನ ಮಾದರಿಯೊಂದನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ ಅಚ್ಚು ಹಾಕಿಸಿ, ಡಿಸೆಂಬರ್‌ನಲ್ಲಿ ಹೂವು ಬರುವ ಮುಂಚೆಯೇ ಹಳ್ಳಿಗಳಿಗೆ ತಲುಪಿಸಬೇಕು.