ಒಂದು ಚಿಟಿಕೆ ಇದ್ದಿಲು, ಹನ್ನೊಂದು ಕಬಡ್ಡಿ ಅಂಕಣ

ನೀರಿನ ಫಿಲ್ಟರಿನಲ್ಲಿರುವ ಕಪ್ಪು ಹರಳುಗಳನ್ನು ಒಣಗಿದ್ದಾಗಲೇ ಒಂದು ಲೋಟ ನೀರಿಗೆ ಹಾಕಿ ನೋಡಿ. ಸಣ್ಣಗೆ ಚುಯ್ ಎನ್ನುತ್ತವೆ, ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಹರಳಿನ ತೂತುಗಳಲ್ಲಿದ್ದ ಗಾಳಿಯನ್ನು ನೀರು ಹೊರಗೆ ದಬ್ಬುತ್ತಿದೆ, ಅಷ್ಟೇ.

ಈ ಹರಳು ಎಷ್ಟೋ ಸಲ ತೆಂಗಿನ ಕರಟದಿಂದ ಆದದ್ದು. ನಮಗೆ ಕರಟ ಅಂದರೆ ಬಚ್ಚಲೊಲೆಯ ಉರುವಲು. ಅದನ್ನೇ ಗಾಳಿಯಾಡದಂತೆ ಸುಟ್ಟರೆ ಇದ್ದಿಲು. ಆ ಇದ್ದಿಲಿಗೆ 800-1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆ ಹಾಯಿಸಿದರೆ, ಹಬೆ ಗೆದ್ದಲಿನ ಹಾಗೆ ಇಂಗಾಲವನ್ನು ಕೊರೆಯುತ್ತಾ ಹೋಗುತ್ತದೆ. ಕೊರೆದದ್ದು ಕಾರ್ಬನ್ ಮಾನಾಕ್ಸೈಡ್ ಆಗಿ ಹಾರಿಹೋಗುತ್ತದೆ, ತೂತು ಉಳಿಯುತ್ತದೆ. ಹೀಗಾದ ಒಂದು ಗ್ರಾಂ ಪುಡಿಯ ಒಳಮೈ 1500 ಚದರ ಮೀಟರ್ ಇರಬಲ್ಲದು. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನೀವೇ ಲೆಕ್ಕ ಹಾಕಿ!

ಇಷ್ಟು ಜಾಗ ಬೇಕಾಗಿರುವುದು ಸೂಪರ್‌ಕೆಪಾಸಿಟರ್‌ಗೆ, ಅಂದರೆ ಬ್ಯಾಟರಿಯ ಹಾಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಒಂದು ಸಾಧನಕ್ಕೆ. ಅದರಲ್ಲಿ ಈ ಪುಡಿ ಬಳಿದ ಎರಡು ಹಾಳೆ, ನಡುವೆ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಇರುವ ದ್ರವ. ಚಾರ್ಜ್ ಮಾಡಿದಾಗ ಅಯಾನುಗಳು ತೂತಿನ ಗೋಡೆಗೆ ಒತ್ತಿಕೊಂಡು ಕೂರುತ್ತವೆ. ಬ್ಯಾಟರಿಯಲ್ಲಿ ನಡೆಯುವಂಥ ರಾಸಾಯನಿಕ ಕ್ರಿಯೆಯ ಗೊಡವೆಯೇ ಇಲ್ಲ. ಸುಮ್ನೆ ಬಂದು ಕೂರುವುದು, ಎದ್ದು ಹೋಗುವುದು. ಅದಕ್ಕೇ ಸೆಕೆಂಡುಗಳಲ್ಲಿ ಚಾರ್ಜ್ ಆಗುತ್ತದೆ, ಲಕ್ಷಗಟ್ಟಲೆ ಸಲ ಬಳಸಿದರೂ ತಾಳುತ್ತದೆ. 1957ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೊವಾರ್ಡ್ ಬೆಕರ್‌ಗೆ, ಇದು ಇಷ್ಟು ಚಾರ್ಜ್ ಹೇಗೆ ಹಿಡಿಯುತ್ತದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ನನಗೆ ಇಷ್ಟವಾಗುವ ವಿಷಯ ಇದು.

ಜಾಗ ಜಾಸ್ತಿ ಇದ್ದರೆ ಮಾತ್ರ ಸಾಲದು. ಅಯಾನು ಆ ದ್ರವದ ಅಣುಗಳನ್ನು ಕಂಬಳಿಯಂತೆ ಹೊದ್ದುಕೊಂಡೇ ಓಡಾಡುತ್ತದೆ. ಕಂಬಳಿ ಸಮೇತ ತೂರಲಾಗದ, 1 ನ್ಯಾನೋಮೀಟರ್‌ಗಿಂತ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ) ಕಿರಿದಾದ ತೂತು ದಂಡ ಎಂದೇ ತಜ್ಞರು ನಂಬಿದ್ದರು. 2006ರಲ್ಲಿ ವಿಜ್ಞಾನಿಗಳಾದ ಯೂರಿ ಗೊಗೊಟ್ಸಿ, ಪ್ಯಾಟ್ರಿಸ್ ಸಿಮೋನ್ ಮತ್ತು ಜೊತೆಗಾರರು ಅಳೆದು ನೋಡಿದರು. ಬಳಸಿದ್ದು ಕರಟವನ್ನಲ್ಲ, ಟೈಟಾನಿಯಂ ಕಾರ್ಬೈಡ್‌ನಿಂದ ಮಾಡಿದ ಇಂಗಾಲವನ್ನು. ಅದರಲ್ಲಿ ತೂತಿನ ಅಳತೆಯನ್ನು ಬೇಕಾದಂತೆ ಹಿಡಿಯಬಹುದು. ನೋಡಿದರೆ, ಅದೇ ಕಿರಿದಾದ ತೂತುಗಳ ಗೋಡೆಯಲ್ಲೇ ಚಾರ್ಜ್ ಜಾಸ್ತಿ! ಅಯಾನು ಕಂಬಳಿಯನ್ನು ಬಾಗಿಲಲ್ಲೇ ಕಳಚಿ ಒಳನುಗ್ಗುತ್ತಿತ್ತು, ಗೋಡೆಗೆ ಇನ್ನಷ್ಟು ಹತ್ತಿರ ಕೂರುತ್ತಿತ್ತು.

ಹಾಗಂತ ಇದು ಬ್ಯಾಟರಿಯ ಜಾಗ ಹಿಡಿಯುವುದಿಲ್ಲ. ಮಾಮೂಲಿ ಸೂಪರ್‌ಕೆಪಾಸಿಟರ್ ಕಿಲೋಗೆ 5-10 ವ್ಯಾಟ್-ಅವರ್ ಶಕ್ತಿ ಹಿಡಿದರೆ, ಲಿಥಿಯಂ ಬ್ಯಾಟರಿ 150 ದಾಟುತ್ತದೆ. ಶಾಂಘೈನಲ್ಲಿ 2006ರಿಂದ ಓಡಿದ ಕೆಪಾಸಿಟರ್ ಬಸ್ಸುಗಳು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದವು. ಸ್ಟಾಪಿನಲ್ಲಿ ಚಾವಣಿಯ ಮೇಲಿನ ಕೈ ಎತ್ತಿ ತಂತಿ ಮುಟ್ಟುತ್ತಿದ್ದವು. ಜನ ಇಳಿದು ಹತ್ತುವಷ್ಟರಲ್ಲಿ ಮುಂದಿನ ಕೆಲವು ಸ್ಟಾಪುಗಳಿಗೆ ಸಾಕಾಗುವಷ್ಟು ಚಾರ್ಜ್.