ಸೊನ್ನೆ ಓಮ್, ಆದರೂ ಕರಕರ

ದಾವಣಗೆರೆಯ ನಮ್ಮ ಮನೆಯಲ್ಲಿ ಅಪ್ಪನ ಕಾಲದ ಆಂಪ್ಲಿಫೈಯರ್ ಒಂದಿದೆ. ಮುಂದುಗಡೆ ಒಂದು ದಪ್ಪ ನಾಬ್. ರೇಡಿಯೋ, ರೆಕಾರ್ಡ್ ಪ್ಲೇಯರ್, ಟೇಪ್, ಯಾವುದು ಬೇಕೋ ಅತ್ತ ತಿರುಗಿಸಬೇಕು. ಈಚೆಗೆ ರೆಕಾರ್ಡ್ ಹಾಕಿದರೆ ಎಡಗಡೆ ಸ್ಪೀಕರ್ ಕರಕರ ಅಂದು ಸುಮ್ಮನಾಗುತ್ತಿತ್ತು. ನಾಬ್ ಸ್ವಲ್ಪ ಅಲುಗಿಸಿದರೆ ಮತ್ತೆ ಹಾಡು. ರೇಡಿಯೋಗೆ ಮಾತ್ರ ಯಾವ ಕಾಯಿಲೆಯೂ ಇರಲಿಲ್ಲ.

ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ನಾಬಿನ ಹಿಂದಿರುವ ಸ್ವಿಚ್ಚಿಗೆ ಮಲ್ಟಿಮೀಟರ್ ಹಿಡಿದೆ. ಕರೆಂಟಿಗೆ ಎಷ್ಟು ತಡೆ (ರೆಸಿಸ್ಟೆನ್ಸ್) ಇದೆ ಅಂತ ಅದು ಓಮ್ ಲೆಕ್ಕದಲ್ಲಿ ತೋರಿಸುತ್ತದೆ. 0.2 ಓಮ್. ಮೀಟರಿನ ಎರಡು ಪ್ರೋಬ್‌ಗಳನ್ನೇ (ಮುಟ್ಟಿಸುವ ಕಡ್ಡಿ) ಒಂದಕ್ಕೊಂದು ಮುಟ್ಟಿಸಿದರೂ 0.2. ಅಂದರೆ ಅದು ಮೀಟರಿನ ವೈರಿನದು, ಸ್ವಿಚ್ಚಿನದು ಹೆಚ್ಚುಕಮ್ಮಿ ಸೊನ್ನೆ. ಅದೂ ಅಲ್ಲದೆ ಆಂಪ್ಲಿಫೈಯರಿನ ಇನ್‌ಪುಟ್ 47,000 ಓಮ್. ಅದರ ಮುಂದೆ ಸ್ವಿಚ್ಚಿನ ಒಂದು ಓಮ್ ಅಂದರೆ ಕೆರೆಗೆ ಒಂದು ಚಮಚ ನೀರು. ಹಾಗಾದರೆ ಕರಕರ ಎಲ್ಲಿಂದ?

ಲೋಹದ ಮೈ ಎಷ್ಟೇ ನುಣುಪಾಗಿ ಕಂಡರೂ ಕಣ್ಣಿಗೆ ಕಾಣದ ಉಬ್ಬುತಗ್ಗು ಇದ್ದೇ ಇರುತ್ತದೆ. ಚಿತ್ರದುರ್ಗದಲ್ಲಿ ಬಂಡೆ ಮೇಲೆ ಬಂಡೆ ಕೂತಿರುತ್ತದಲ್ಲ, ಮುಟ್ಟೋದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಸ್ವಿಚ್ಚಿನಲ್ಲೂ ಕರೆಂಟು ದಾಟೋದು ಅಂಥ ಕೆಲವೇ ಚುಕ್ಕೆಗಳಲ್ಲಿ. ನಮ್ಮದರಂಥ ಹಳೆ ಸ್ವಿಚ್ಚುಗಳಿಗೆ ಬೆಳ್ಳಿ ಲೇಪ. ಬೀರುವಿನಲ್ಲಿಟ್ಟ ಕಾಲ್ಗೆಜ್ಜೆ ಕಪ್ಪಾಗುವ ಹಾಗೆ ಇದೂ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅನಿಲ ತಗುಲಿ ಬೆಳ್ಳಿ ಸಲ್ಫೈಡ್ ಪೊರೆ ಕಟ್ಟುತ್ತದೆ. (ಮಿರ್ಚಿ ತಿಂದ ಕೈಯಲ್ಲಿ ಮುಟ್ಟಿದರೆ ಜಿಡ್ಡು ಬೇರೆ. ಅದು ನನ್ನದೇ ತಪ್ಪು.)

ಈ ಪೊರೆಗೆ ಒಂದು ಗುಣವಿದೆ. ಸಾಕಷ್ಟು ವೋಲ್ಟೇಜ್ ಸಿಕ್ಕರೆ ತೂತು ಬಿದ್ದು ದಾರಿ ಬಿಡುತ್ತದೆ. ಓಮ್ ಅಳೆಯುವಾಗ ಮೀಟರೇ ತನ್ನ ಬ್ಯಾಟರಿಯಿಂದ ವೋಲ್ಟೇಜ್ ಕೊಡುತ್ತದೆ, ಕೆಲವು ಮೀಟರುಗಳಲ್ಲಿ ಎರಡು ಮೂರು ವೋಲ್ಟ್. ರೆಕಾರ್ಡ್ ಪ್ಲೇಯರಿನ ಸೂಜಿಯಿಂದ ಬರೋದು ಸುಮಾರು 5 ಮಿಲಿವೋಲ್ಟ್ ಅಷ್ಟೇ. ನಮ್ಮ ಆಂಪ್ಲಿಫೈಯರಿನಲ್ಲಿ ಅದು ನೇರ ಈ ಸ್ವಿಚ್ಚಿಗೇ ಬರುತ್ತದೆ. ಮೀಟರ್ ಬಾಗಿಲು ಒದ್ದು ಒಳಗೆ ಹೋಗಿ ‘ಬಾಗಿಲು ತೆರೆದೇ ಇದೆ’ ಅಂತಿತ್ತು. ಪಾಪ, ಹಾಡು ಹೊರಗೇ ನಿಂತಿತ್ತು.

ಹಾಗಾಗಿ ಇಂಥ ಸ್ವಿಚ್ಚನ್ನು, ಪೊರೆಗೆ ತೂತು ಬೀಳದಂತೆ, 20 ಮಿಲಿವೋಲ್ಟ್ ದಾಟದ ಹಾಗೆ ಪರೀಕ್ಷೆ ಮಾಡಬೇಕು. ನಾನು ಮಾಡಿದ್ದು ಇಷ್ಟು: ಒಂದೂವರೆ ವೋಲ್ಟಿನ ಒಂದು ಸೆಲ್, ಅದಕ್ಕೆ ಸಾಲಾಗಿ 1,000 ಓಮ್ ಮತ್ತು 10 ಓಮ್. ಹತ್ತರ ಎರಡು ತುದಿಯಲ್ಲಿ ಸಿಗೋದು ಸುಮಾರು 15 ಮಿಲಿವೋಲ್ಟ್. ಹೊರಗಿನ ವೈರುಗಳನ್ನೆಲ್ಲ ಬಿಡಿಸಿ ಆ ತುದಿಗಳನ್ನು ಸ್ವಿಚ್ಚಿಗೆ ಕೊಟ್ಟೆ. ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು, ಪ್ರೋಬ್‌ಗಳನ್ನು ಸ್ವಿಚ್ಚಿನ ಕಾಲುಗಳಿಗೇ ಒತ್ತಿ ಹಿಡಿದೆ. ಹಾಗೆ ಹಿಡಿದರೆ ವೈರಿನ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರಲ್ಲ. ಸಂಪರ್ಕ ಚೆನ್ನಾಗಿದ್ದರೆ ಸೊನ್ನೆ. 5 ಮಿಲಿವೋಲ್ಟ್ ತೋರಿಸಿದರೆ ಸ್ವಿಚ್ಚಿನದು ಹತ್ತಿರ ಹತ್ತಿರ 5 ಓಮ್. 15ರಲ್ಲೇ ನಿಂತರೆ ಕರೆಂಟು ದಾಟುತ್ತಲೇ ಇಲ್ಲ.

ರೆಕಾರ್ಡ್ ಜಾಗದಲ್ಲಿ ಅಂಕಿ 3, 11, 6 ಅಂತ ಕುಣಿಯಿತು. ನಾಬ್ ಮುಟ್ಟಿದರೆ ಇನ್ನೊಂದು. ಉಪ್ಪುಕಾಗದದಲ್ಲಿ ಉಜ್ಜೋಣ ಅನ್ನಿಸಿತು, ಆದರೆ ಬೆಳ್ಳಿ ಲೇಪವೇ ಕಿತ್ತುಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಚೂರು ಸಿಂಪಡಿಸಿ ಇಪ್ಪತ್ತು ಸಲ ಅತ್ತಿತ್ತ ತಿರುಗಿಸಿದೆ. 0.0, ಅಲುಗಾಡಲಿಲ್ಲ.

ಸಿಂಪಡಿಸುವ ಮೊದಲೇ ರೇಡಿಯೋ ಮತ್ತು ಟೇಪ್ ಜಾಗಗಳನ್ನೂ ಅಳೆದಿದ್ದೆ. ಅಪ್ಪ ದಿನಾ ಬೆಳಿಗ್ಗೆ ಭದ್ರಾವತಿ ಆಕಾಶವಾಣಿಗೆ ನಾಬ್ ತಿರುಗಿಸುತ್ತಾರೆ. ಅಲ್ಲಿ ಲೋಹ ಉಜ್ಜಿ ಉಜ್ಜಿ ಥಳಥಳ, ಆಗಲೇ 0.0. ಟೇಪಿನ ಜಾಗದಲ್ಲಿ ಮಾತ್ರ 14.8. ಅತ್ತ ಯಾರಾದರೂ ತಿರುಗಿಸಿ ಎಷ್ಟು ವರ್ಷವಾಗಿತ್ತೋ.